ಬೆಳ್ಳಿ ಪಟ್ಟಿಯವರು ತೋಡಿದ ಕಾಲುವೆ

ನಮ್ಮ ಕಡೆಯ ಗೆಳೆಯನೊಬ್ಬ ಪ್ರವಾಸಿಗರ ದೊಡ್ಡ ಹಡಗಿನಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕಿದ್ದಾನೆ. ಪನಾಮಾ ಕಾಲುವೆ ದಾಟಿದ ದಿನ ಏನು ನೋಡಿದೆಯಪ್ಪಾ ಅಂತ ಕೇಳಿದೆವು. "ಏನ್ ನೋಡೋದು? ದುಂಡು ಕಿಟಕಿಯಾಚೆ ಒಂದು ಸಿಮೆಂಟ್ ಗೋಡೆ. ಬೆಳಿಗ್ಗೆ ಕೆಳಕ್ಕೆ ಇಳೀತು, ಮಧ್ಯಾಹ್ನದ ಮೇಲೆ ಮೇಲಕ್ಕೆ ಹತ್ತಿತು, ಅಷ್ಟೆ" ಅಂದ. ಅದೇ ಹೊತ್ತಿಗೆ ಮೇಲಿನ ಅಂತಸ್ತಿನಲ್ಲಿ ಟಿಕೆಟ್ ಕೊಂಡವರು ಹಣ್ಣಿನ ರಸ ಕುಡಿಯುತ್ತ ಫೋಟೋ ಹೊಡೆಯುತ್ತಿದ್ದರಂತೆ. ಈ ಕಾಲುವೆಯ ಚರಿತ್ರೆಯನ್ನು ಮೇಲಿನ ಅಂತಸ್ತಿನಿಂದ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾವು ಅದನ್ನು ದುಂಡು ಕಿಟಕಿಯಿಂದ ನೋಡುತ್ತೇವೆ.

ಬೆಳಿಗ್ಗೆ ಕೆರಿಬಿಯನ್ ಸಮುದ್ರದ ಕಡೆಯಿಂದ ಒಳಹೊಕ್ಕ ಹಡಗು ಸಂಜೆಯೊಳಗೆ ಪೆಸಿಫಿಕ್ ಸಾಗರಕ್ಕೆ ಇಳಿಯುತ್ತದೆ. ದಾರಿ ಸುಮಾರು 80 ಕಿಲೋಮೀಟರು. ಗಾಟುನ್ ಎಂಬಲ್ಲಿ ‘ಲಾಕ್’ ಎನ್ನುವ ಭಾರಿ ತೊಟ್ಟಿಗಳಿವೆ. ತೊಟ್ಟಿಗೆ ನೀರು ಬಿಟ್ಟು ಮೂರು ಮೆಟ್ಟಿಲಲ್ಲಿ ಹಡಗನ್ನು 26 ಮೀಟರು ಮೇಲೆತ್ತುತ್ತಾರೆ. ಪಂಪು ಬೇಕಿಲ್ಲ, ಮೇಲಿನ ಕೆರೆಯ ನೀರು ತಾನೇ ಇಳಿದು ಬರುತ್ತದೆ. ಆಚೆ ಬದಿಯಲ್ಲಿ ಪೆದ್ರೊ ಮಿಗೆಲ್, ಮಿರಾಫ್ಲೋರೆಸ್ ಲಾಕ್‌ಗಳಲ್ಲಿ ಹಾಗೆಯೇ ಕೆಳಗಿಳಿಸುತ್ತಾರೆ. ಇದು ಮನುಷ್ಯನ ಬುದ್ಧಿಯ ದೊಡ್ಡ ಕೆಲಸ, ಅಲ್ಲ ಅನ್ನುವುದಿಲ್ಲ. ಆದರೆ ಯಾವ ಮನುಷ್ಯನ ಕೈ ಅಂತ ಕೇಳುತ್ತೇವೆ.

ಮೊದಲು ತೋಡಲು ಬಂದವರು ಫ್ರೆಂಚರು. 1881ರಲ್ಲಿ ಶುರುವಾದ ಕೆಲಸ 1889ರಲ್ಲಿ ಕಂಪನಿ ಮುಳುಗಿದಾಗ ನಿಂತಿತು. ಹಳದಿ ಜ್ವರ, ಮಲೇರಿಯಾಗಳಲ್ಲಿ ಇಪ್ಪತ್ತು ಸಾವಿರದಷ್ಟು ಜನ ಸತ್ತರೆಂದು ಅಂದಾಜು. 1904ರಲ್ಲಿ ಅಮೆರಿಕದವರು ಕೈಹಾಕಿ 1914ರಲ್ಲಿ ಮುಗಿಸಿದರು. ಅವರಿಗೆ ಕೂಲಿಗಳು ಸಿಕ್ಕಿದ್ದು ಕೆರಿಬಿಯನ್ ದ್ವೀಪಗಳಲ್ಲಿ. ಎರಡು ಲಕ್ಷದಷ್ಟು ಜನವಿದ್ದ ಬಾರ್ಬಡೋಸ್ ದ್ವೀಪವೊಂದರಿಂದಲೇ ಸುಮಾರು 20,000 ಜನರನ್ನು ಕರಾರು ಮಾಡಿಸಿ ಕರೆತಂದರು. ಇವರ ಅಜ್ಜಂದಿರು ಕಬ್ಬಿನ ಗದ್ದೆಗಳಲ್ಲಿ ಗುಲಾಮರಾಗಿದ್ದವರು.

ಕಾಲುವೆ ಕೆಲಸದಲ್ಲಿ ಸಂಬಳದ ಪಟ್ಟಿ ಎರಡು. ಚಿನ್ನದ ಪಟ್ಟಿ, ಬೆಳ್ಳಿ ಪಟ್ಟಿ. ಅಮೆರಿಕದ ನುರಿತ ಕೆಲಸಗಾರರಿಗೆ ಚಿನ್ನದ ನಾಣ್ಯ, ಉಳಿದ ಕೂಲಿಗಳಿಗೆ ಬೆಳ್ಳಿ ನಾಣ್ಯ. ಹೀಗೆ ಹುಟ್ಟಿದ ಮಾತು ನೋಡನೋಡುತ್ತಾ ಚರ್ಮದ ಬಣ್ಣದ ಮಾತಾಯಿತು. ದ್ವೀಪದ ಕರಿಯನಿಗೆ ಗಂಟೆಗೆ 10 ಸೆಂಟು. ಅದೇ ಬೆಳ್ಳಿ ಪಟ್ಟಿಯಲ್ಲಿದ್ದ ಸ್ಪೇನಿನ ಬಿಳಿ ಕೂಲಿಗೆ 20 ಸೆಂಟು. ಚಿನ್ನದವರ ಮನೆಗಳಿಗೆ ಸೊಳ್ಳೆ ಜಾಲರಿ, ಬೆಳ್ಳಿಯವರ ಬ್ಯಾರಕ್ಕುಗಳಿಗೆ ಇಲ್ಲ. ಚಿನ್ನದವರಿಗೆ ಊಟದ ಮೇಜು, ಬೆಳ್ಳಿಯವರು ತಟ್ಟೆ ಹಿಡಿದು ನಿಂತೇ ಉಣ್ಣಬೇಕು. ಅಂಗಡಿ ಬೇರೆ, ಶಾಲೆ ಬೇರೆ, ಅಂಚೆ ಕಚೇರಿಯ ಕಿಟಕಿ ಬೇರೆ, ಕುಡಿಯುವ ನೀರಿನ ನಲ್ಲಿಯೂ ಬೇರೆ!

ಗೆಳೆಯರೆ, ನಲ್ಲಿ ಬೇರೆ ಎಂದರೆ ಏನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಬಾವಿ ಬೇರೆ, ಲೋಟ ಬೇರೆ ಮಾಡಲು ಶಾಸ್ತ್ರ ಬೇಕಾಯಿತು, ಪುರೋಹಿತ ಬೇಕಾದ, ಸಾವಿರಾರು ವರ್ಷ ಹಿಡಿಯಿತು. ಅಲ್ಲಿ ಅದಾವುದೂ ಬೇಕಾಗಲಿಲ್ಲ. ಒಂದು ಮಸ್ಟರ್ ರೋಲು, ಒಬ್ಬ ಗುಮಾಸ್ತ, ಹತ್ತು ವರ್ಷ ಸಾಕಾಯಿತು. ದೇವರ ಹೆಸರಿಲ್ಲದೆಯೂ ಅಸ್ಪೃಶ್ಯತೆಯನ್ನು ಕಟ್ಟಬಹುದು ಎಂಬುದನ್ನು ನಾವು ಈ ಕಾಲುವೆಯಿಂದ ಕಲಿಯಬೇಕು.

ಹಡಗು ನಡುಹಗಲಿನ ಮೇಲೆ ಕುಲೆಬ್ರಾ ಎಂಬ ಗುಡ್ಡದ ಸೀಳಿನಲ್ಲಿ ಸಾಗುತ್ತದೆ. ಸುಮಾರು 13 ಕಿಲೋಮೀಟರು ಉದ್ದ. ಈಗ ಎರಡೂ ಬದಿ ಹಸಿರು. ಆಗ ಇದು ಮದ್ದಿನ ಹೊಗೆ, ಕೆಸರು, ಬಂಡೆ. ಗುಡ್ಡ ಮತ್ತೆ ಮತ್ತೆ ಕುಸಿದು, ತೋಡಿದ್ದನ್ನೇ ತೋಡಬೇಕಾಯಿತು. 1908ರ ಡಿಸೆಂಬರ್ 12ರಂದು ಬಾಸ್ ಒಬಿಸ್ಪೊದಲ್ಲಿ ತುಂಬಿಟ್ಟಿದ್ದ ಡೈನಮೈಟ್ ಹೊತ್ತಿಗೆ ಮೊದಲೇ ಸಿಡಿದು 23 ಜನ ಸತ್ತರು. ಅಮೆರಿಕದವರ ಕಾಲದ ಆಸ್ಪತ್ರೆ ದಾಖಲೆಯಂತೆ ಒಟ್ಟು ಸತ್ತವರು 5,609. ಅವರಲ್ಲಿ ಸುಮಾರು 4,500 ಜನ ಕರಿಯರು, ಅಮೆರಿಕದ ಬಿಳಿಯರು 350ರಷ್ಟು. ಗುಡ್ಡಕ್ಕೆ ಮಾತ್ರ 1915ರಲ್ಲಿ ಗೈಲಾರ್ಡ್ ಎಂಬ ಎಂಜಿನಿಯರನ ಹೆಸರಿಟ್ಟರು. ಮದ್ದು ತುಂಬಿ ಸತ್ತವನ ಹೆಸರು ಯಾವ ಗುಡ್ಡಕ್ಕೂ ಬರಲಿಲ್ಲ.

ಹಡಗು ತೇಲುವ ಗಾಟುನ್ ಕೆರೆಯೂ ದೇವರು ಕೊಟ್ಟದ್ದಲ್ಲ. ಚಾಗ್ರೆಸ್ ನದಿಗೆ ಅಣೆಕಟ್ಟು ಹಾಕಿ ನಿಲ್ಲಿಸಿದ ನೀರು. 1912ರ ಡಿಸೆಂಬರಿನಲ್ಲಿ ಅಧ್ಯಕ್ಷ ಟಾಫ್ಟ್ ಒಂದು ಆಜ್ಞೆ ಹೊರಡಿಸಿ ಕಾಲುವೆ ವಲಯದ ಖಾಸಗಿ ಜಮೀನನ್ನೆಲ್ಲ ಸರ್ಕಾರದ್ದು ಮಾಡಿದ. ನದಿ ದಂಡೆಯ ಊರುಗಳು ಎದ್ದುಹೋದವು. ಪ್ರವಾಸಿಗರು ನಡುಗಡ್ಡೆ ಅಂತ ಫೋಟೋ ಹೊಡೆಯುವುದು ಮುಳುಗಿದ ಗುಡ್ಡಗಳ ನೆತ್ತಿಯನ್ನು.

1914ರ ಆಗಸ್ಟ್ 15ರಂದು ಕಾಲುವೆ ತೆರೆಯಿತು. ತೋಡಿದವರು, ಅವರ ಮಕ್ಕಳು ಪನಾಮಾದಲ್ಲೇ ಉಳಿದರು. ಅವರಿಗೆ ಸಿಕ್ಕ ಬಹುಮಾನವೇನು? 1941ರ ಪನಾಮಾ ಸಂವಿಧಾನ, ಸ್ಪ್ಯಾನಿಷ್ ಮಾತೃಭಾಷೆಯಲ್ಲದ ಕರಿಯರನ್ನು ಬೇಡವಾದ ವಲಸಿಗರ ಸಾಲಿಗೆ ಸೇರಿಸಿತು. ಅಲ್ಲೇ ಹುಟ್ಟಿದ ಮಕ್ಕಳ ಪೌರತ್ವಕ್ಕೂ ಕತ್ತರಿ ಹಾಕಿತು. ಆ ಸಾಲಿನಲ್ಲಿ ಭಾರತ ಮೂಲದವರೂ ಇದ್ದರು. 1946ರಲ್ಲಿ ಹೊಸ ಸಂವಿಧಾನ ಬರುವವರೆಗೆ ಇದೇ ಪಾಡು. ಚಿನ್ನ, ಬೆಳ್ಳಿ ಎಂಬ ಬೋರ್ಡುಗಳು ಇಳಿದದ್ದು 1940ರ ದಶಕದ ಕೊನೆಗೆ. ಕಾಲುವೆ ಪನಾಮಾದ ಕೈಗೆ ಬಂದದ್ದು 1999ರ ಡಿಸೆಂಬರ್ 31ರಂದು.

1963ರಲ್ಲಿ ಅಲ್ಲಿನ ಇತಿಹಾಸ ಸಂಘವೊಂದು, ಕಾಲುವೆ ತೋಡಿದ ದಿನಗಳ ನೆನಪು ಬರೆದು ಕಳಿಸಿ ಅಂತ ಸ್ಪರ್ಧೆ ಕರೆಯಿತು. ನೂರಕ್ಕೂ ಹೆಚ್ಚು ಜನ ಬರೆದರು. ಎಲ್ಲ ಮುದುಕರು. ಮದ್ದು ಸಿಡಿದದ್ದು, ಕ್ವಿನೈನ್ ಕುಡಿದದ್ದು, ಜೊತೆಗಾರ ಸತ್ತದ್ದು ಬರೆದರು. ಐವತ್ತು ವರ್ಷ ಯಾರೂ ಕೇಳಿರಲಿಲ್ಲ. ಕೇಳಿದಾಗ ಎಲ್ಲ ನೆನಪಿತ್ತು. ಬರೆಯಲು ಬಾರದೆ ಹೋದವರದು ಹೋಯಿತು. ಅಪ್ಪ ಹೆಬ್ಬೆಟ್ಟು ಒತ್ತಿದ ಮನೆಯಿಂದ ಬಂದ ನಮಗೆ ಆ ಕಾಗದಗಳು ಯಾವ ಎಂಜಿನಿಯರನ ಗ್ರಂಥಕ್ಕಿಂತಲೂ ದೊಡ್ಡವು.

ಹಳೆಯ ಲಾಕ್‌ಗಳಲ್ಲಿ ಒಂದು ಹಡಗು ದಾಟಲು ಸುಮಾರು 20 ಕೋಟಿ ಲೀಟರ್ ಸಿಹಿನೀರು ಸಮುದ್ರಕ್ಕೆ ಹೋಗುತ್ತದೆ. 2023ರ ಬರದಲ್ಲಿ ನೀರು ಸಾಲದೆ ಹಡಗುಗಳನ್ನೇ ಕಡಿಮೆ ಮಾಡಿದರು. ಅದಕ್ಕೆ ರಿಯೊ ಇಂಡಿಯೊ ನದಿಗೆ ಇನ್ನೊಂದು ಅಣೆಕಟ್ಟು ಹಾಕುವ ಯೋಜನೆ ಬಂತು. ದಂಡೆಯ ರೈತರು, ನಮ್ಮೂರು ಮುಳುಗಿಸಬೇಡಿ ಅಂತ ಬೀದಿಗಿಳಿದರು.

ಗೆಳೆಯನಿಗೆ ಇದನ್ನೆಲ್ಲ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದ. "ಮುಂದಿನ ಸಲ ಆ ಗೋಡೆ ಬಂದಾಗ ಕೈ ಒರೆಸಿಕೊಂಡು ಒಂದು ನಿಮಿಷ ನಿಂತು ನೋಡ್ತೀನಿ" ಅಂದ.