ಹಳೆಯ ಸೈಕಲ್ಲು, ಹದವಾದ ಸವಾರಿ

ಇಪ್ಪತ್ತನೇ ಶತಮಾನದ ಬಹುಭಾಗ ಈಗಿನ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯಲ್ಲಿ ಓಡಾಡಿದ್ದು ಹೆಚ್ಚುಕಡಿಮೆ ಒಂದೇ ಬಗೆಯ ಸೈಕಲ್ಲು. ಕಪ್ಪು ಬಣ್ಣ, 28 ಇಂಚಿನ ಗಾಲಿ, ಕಡ್ಡಿ ಬ್ರೇಕು, 20 ಕಿಲೋ ಆಸುಪಾಸಿನ ತೂಕ. ಇಂಗ್ಲೆಂಡಿನಲ್ಲಿ ರೂಪುಗೊಂಡ ಈ ಸವಾರಿಯನ್ನು ಇಲ್ಲಿನ ರಸ್ತೆಗೆ, ಹೊರೆಗೆ, ಮೈಕಟ್ಟಿಗೆ ಹೊಂದಿಸಿದವರು ಬಸ್ ನಿಲ್ದಾಣದ ಬಳಿ, ಸಂತೆ ಬೀದಿಯಲ್ಲಿ ಅಂಗಡಿ ಇಟ್ಟ ಸೈಕಲ್ ಶಾಪಿನವರು. ಈ ಹೊಂದಾಣಿಕೆಯಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಹಿಂದೆ ಕೂತವರಿಗೆ ಮತ್ತು ಹೇರಿದ ಹೊರೆಗೆ ಅನುಕೂಲ ಮಾಡುವುದು ಮೊದಲ ಕೆಲಸವಾಗಿತ್ತು, ತುಳಿಯುವವನ ಸುಖ ಆಮೇಲಿನದು.

ಸೈಕಲ್ಲಿನ ಮೂಲ ವಿನ್ಯಾಸದಲ್ಲೇ ಮೆತ್ತನೆಯ ಸವಾರಿಯ ಆಸೆ ಸೇರಿಕೊಂಡಿದೆ. ಎರಡೂ ಗಾಲಿ ಸಮನಾಗಿರುವ, ಚೈನಿನಿಂದ ಹಿಂದಿನ ಗಾಲಿ ತಿರುಗುವ ರೋವರ್ ಸೈಕಲ್ಲನ್ನು ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ತಂದ. ಎರಡು-ಮೂರು ವರ್ಷದ ನಂತರ ಬೆಲ್‌ಫಾಸ್ಟ್‌ನಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್, ಮಗನ ಮೂರು ಗಾಲಿಯ ಸೈಕಲ್ಲು ಕುಲುಕಾಡುವುದನ್ನು ತಪ್ಪಿಸಲು ಗಾಳಿ ತುಂಬಿದ ಟಯರು ಕಟ್ಟಿದ. ಬರ್ಮಿಂಗ್‌ಹ್ಯಾಮ್‌ನ ಜಾನ್ ಬೋಲ್ಟ್‌ಬೀ ಬ್ರೂಕ್ಸ್ 1882ರಲ್ಲೇ ಚರ್ಮದ ಸೀಟಿಗೆ ಪೇಟೆಂಟ್ ಪಡೆದಿದ್ದ. ಇವುಗಳಿಂದ ಬೆಳೆದು ಬಂದ ಈ ದೊಡ್ಡ ಕಪ್ಪು ಸೈಕಲ್ಲಿನ ಮುಂಭಾಗ ಹಿಂದಕ್ಕೆ ಒರಗಿದಂತಿರುತ್ತದೆ, ಫೋರ್ಕಿನ ತುದಿ ಮುಂದಕ್ಕೆ ಬಾಗಿರುತ್ತದೆ, ಎರಡು ಗಾಲಿಗಳ ನಡುವಿನ ಅಂತರ ಹೆಚ್ಚು. ಹಾಗಾಗಿ ಗುಂಡಿಗೆ ಇಳಿದಾಗ ಏಟು ನೇರವಾಗಿ ಕೈಗೆ ಬರದೆ, ಫೋರ್ಕು ತುಸು ಬಳುಕಿ ಒಂದಷ್ಟು ನುಂಗಿಕೊಳ್ಳುತ್ತದೆ. ಓಟದ ಸೈಕಲ್ಲಿನಲ್ಲಿ ಬಾಗಿ ತುಳಿಯುವವರ ಭಾರ ಕೈ, ಕಾಲು, ಸೀಟುಗಳ ನಡುವೆ ಹಂಚಿಹೋಗುತ್ತದೆ. ಈ ಸೈಕಲ್ಲಿನಲ್ಲಿ ಬೆನ್ನು ನೆಟ್ಟಗಿಟ್ಟು ಕೂರುವುದರಿಂದ ಬಹುಪಾಲು ಭಾರ ಸೀಟಿನ ಮೇಲೆಯೇ ಬೀಳುತ್ತದೆ. ಅಗಲವಾದ ಸ್ಪ್ರಿಂಗ್ ಸೀಟು ಬೇಕಾದದ್ದು ಅದಕ್ಕೇ.

ಮೊದಲು ಬಂದವು ರ‍್ಯಾಲಿ, ಹರ್ಕ್ಯುಲಿಸ್, ಬಿಎಸ್ಎ ಮುಂತಾದ ವಿಲಾಯತಿ ಸೈಕಲ್ಲುಗಳು, ಅದೂ ಉಳ್ಳವರ ಮನೆಗೆ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ದೇಶದೊಳಗೇ ಕಾರ್ಖಾನೆಗಳು ಎದ್ದವು. ಮದ್ರಾಸಿನಲ್ಲಿ 1949ರಲ್ಲಿ ಟಿಐ ಸೈಕಲ್ಸ್, ಸೋನಿಪತ್‌ನಲ್ಲಿ 1951ರಲ್ಲಿ ಅಟ್ಲಾಸ್, ಲುಧಿಯಾನದಲ್ಲಿ 1956ರಲ್ಲಿ ಹೀರೋ ಶುರುವಾದವು. ಬಂಗಾಳದ ಅಸನ್ಸೋಲ್‌ನಲ್ಲಿ ಸೆನ್-ರ‍್ಯಾಲಿ ನಡೆಯಿತು. ಆಗ ಈ ಸೀಮೆ ಒಂದೇ ಜಿಲ್ಲೆಯಲ್ಲಿರಲಿಲ್ಲ: ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ನ್ಯಾಮತಿ ಈಚಿನವರೆಗೂ ಹೊನ್ನಾಳಿ ತಾಲ್ಲೂಕಿನ ಭಾಗ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೆ ಇವುಗಳ ಜಿಲ್ಲಾ ಕಚೇರಿಯ ದಿಕ್ಕು ಬೇರೆಬೇರೆ. ರೈಲು ಮಾತ್ರ ನಾಲ್ಕೂ ಊರಿಗೆ ಇರಲಿಲ್ಲ, ಇಂದಿಗೂ ಇಲ್ಲ. ದಾವಣಗೆರೆ, ಹರಿಹರ, ಶಿವಮೊಗ್ಗಗಳೇ ಹತ್ತಿರದ ದೊಡ್ಡ ನಿಲ್ದಾಣಗಳು. ಬಸ್ಸು ಕಾಣದ ಹಳ್ಳಿಗಳಿಂದ ಸಂತೆಗೆ, ಶಾಲೆಗೆ, ಆಸ್ಪತ್ರೆಗೆ ಬರಲು ಎತ್ತಿನ ಗಾಡಿ ಬಿಟ್ಟರೆ ಸೈಕಲ್ಲೇ ಗತಿಯಾಗಿತ್ತು.

ಹೊಸ ಸೈಕಲ್ಲಿನ ಚರ್ಮದ ಸೀಟು ಮೊದಮೊದಲು ಹಲಗೆಯಷ್ಟೇ ಗಡಸು. ಮೂಗಿನಿಂದ ಹಿಂದಿನ ಕಂಬಿಯವರೆಗೆ ಬಿಗಿದ ಆ ಚರ್ಮ ತಿಂಗಳುಗಟ್ಟಲೆ ಕೂತ ಮೇಲೆ ಸವಾರನ ಮೂಳೆಗೆ ತಕ್ಕ ಹಳ್ಳ ಬಿದ್ದು ಹದವಾಗುತ್ತದೆ. ಆಮೇಲೆ ಅದರ ಶತ್ರು ಮಳೆ. ನೆನೆದ ಚರ್ಮ ಹಿಗ್ಗಿ ಜೋಳಿಗೆಯಂತೆ ಜೋತುಬಿದ್ದರೆ ನಡುವಿನ ಕಂಬಿ ತೊಡೆಗೆ ಒತ್ತುತ್ತದೆ. ಆಗ ಶಾಪಿನವರು ಮೂಗಿನಡಿಯ ನಟ್ಟು ಒಂದೆರಡು ಸುತ್ತು ತಿರುಗಿಸಿ ಚರ್ಮ ಎಳೆಯುತ್ತಿದ್ದರು. ಅತಿಯಾಗಿ ಎಳೆದರೆ ರಿವೆಟ್ಟಿನ ಬಳಿ ಹರಿಯುತ್ತದೆ; ಎಲ್ಲಿ ನಿಲ್ಲಿಸಬೇಕೆಂಬುದು ಕೈಗೆ ಗೊತ್ತಿರಬೇಕು. ಮುಂದೆ ಚರ್ಮ ದುಬಾರಿಯಾಗಿ, ಸ್ಪ್ರಿಂಗಿನ ಮೇಲೆ ರೆಕ್ಸಿನ್ ಹೊದಿಸಿದ ಸೀಟು ಬಂತು. ಅದಕ್ಕೆ ಸ್ಪಂಜು ಇಟ್ಟ ಕವರು, ಅಂಚಿಗೆ ಝಾಲರಿ ಸೇರಿದವು. ನೋಡಲು ಚೆಂದ, ಆದರೆ ಬಿಸಿಲಲ್ಲಿ ಬೆವರು ಹಿಡಿಯುವ ಈ ಕವರು ದೂರದ ಸವಾರಿಗೆ ಹಳೆಯ ಚರ್ಮಕ್ಕೆ ಸಾಟಿಯಲ್ಲ.

ಸೀಟಿನ ಎತ್ತರದ ವಿಷಯದಲ್ಲಿ ಇಲ್ಲಿನ ಪದ್ಧತಿ ಸ್ಪಷ್ಟವಾಗಿತ್ತು: ಕೂತಲ್ಲಿಂದಲೇ ಕಾಲು ನೆಲಕ್ಕೆ ತಾಗಬೇಕು. ಹೊರೆ ಹೇರಿದವನು ನಿಂತಾಗ ಸೈಕಲ್ಲು ವಾಲಬಾರದಲ್ಲ. ಇದರಿಂದ ಮಂಡಿ ಪೂರ್ತಿ ಚಾಚದೆ, ದೂರ ತುಳಿದಾಗ ನೋವು ಬರುತ್ತಿತ್ತು. ಅಂಗಡಿಯಲ್ಲಿ 22 ಇಂಚು, 24 ಇಂಚು ಎಂದು ಎರಡು ಅಳತೆಯ ಫ್ರೇಮು ಸಿಗುತ್ತಿತ್ತು. ಆದರೆ ಮನೆಗೊಂದೇ ಸೈಕಲ್ಲು ಇರುವಾಗ ಅಪ್ಪನ ಅಳತೆಯೇ ಎಲ್ಲರ ಅಳತೆ. ಮಕ್ಕಳು ಫ್ರೇಮಿನ ಮೇಲಿನ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿದೇ ಕಲಿತರು. ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲುಗಳಲ್ಲಿ ಮಕ್ಕಳ ಅಳತೆಯ ಚಿಕ್ಕವು ಸೇರಿದ ಮೇಲೆ ಈ ಕಷ್ಟ ತುಸು ಕಡಿಮೆಯಾಯಿತು.

ಟಯರಿನ ಮಾತು ಬಂದಾಗ ನಾಲ್ಕು ಊರುಗಳ ನೆಲ ಬೇರೆಬೇರೆ. ಈ ಸೈಕಲ್ಲಿನ ಟಯರು 28×1½, ಅಂದರೆ ಸುಮಾರು 38 ಮಿಲಿಮೀಟರು ಅಗಲ. ಗಾಳಿ ಬಿರುಸಾಗಿ ತುಂಬಿದರೆ ಓಟ ಹಗುರ, ಆದರೆ ಪ್ರತಿ ಕಲ್ಲೂ ಬೆನ್ನಿಗೆ ತಿಳಿಯುತ್ತದೆ. ಹೆಬ್ಬೆರಳಲ್ಲಿ ಒತ್ತಿದಾಗ ತುಸು ತಗ್ಗುವಷ್ಟಿದ್ದರೆ ಸವಾರಿ ಹಿತ. ಜಗಳೂರಿನಿಂದ ಬಿಳಿಚೋಡು, ಅಣಬೂರಿನ ಕಡೆಗಿನ ಒಣ ಸೀಮೆಯಲ್ಲಿ ಈ ಹಿತಕ್ಕೆ ಜಾಲಿ ಮುಳ್ಳು ಅಡ್ಡ ಬರುತ್ತದೆ. ಮುಳ್ಳು ತಡೆಯಲು ಟಯರಿನ ಒಳಗೆ ಹಳೇ ಟಯರಿನ ಪಟ್ಟಿ ಹಾಸುವುದು ಶಾಪಿನವರ ಹಳೆಯ ಉಪಾಯ. ಗಾಲಿ ಭಾರವಾಗುತ್ತದೆ, ಟಯರು ಬಳುಕುವುದು ಕಡಿಮೆಯಾಗುತ್ತದೆ. ಆದರೂ ಹತ್ತು ಮೈಲಿ ಸೈಕಲ್ಲು ತಳ್ಳುವುದು ತಪ್ಪುತ್ತದೆ ಎಂದಾಗ ಕುಲುಕಾಟ ಸಹಿಸುವುದೇ ಮೇಲು. ಪಂಚರಿಲ್ಲದೆಯೂ ಗಾಳಿ ಇಳಿದರೆ ಮೊದಲು ನೋಡುವುದು ವಾಲ್‌ಟ್ಯೂಬು. ವಾಲ್ವಿನ ಪಿನ್ನಿಗೆ ಹೊದಿಸುವ ಆ ಚಿಕ್ಕ ರಬ್ಬರು ಬಿಸಿಲಿಗೆ ಬಿರಿಯುತ್ತದೆ. ಅದರ ಒಂದು ತುಂಡನ್ನು ಸೀಟಿನಡಿಯ ಪುಟ್ಟ ಚೀಲದಲ್ಲಿ ಇಟ್ಟುಕೊಳ್ಳುವವರೂ ಇದ್ದರು.

ಹೊನ್ನಾಳಿ, ಚನ್ನಗಿರಿ ಕಡೆ ತೊಂದರೆ ಇನ್ನೊಂದು. ಭದ್ರಾ ನಾಲೆಯ ನೀರು ಹರಿದ ಮೇಲೆ ಭತ್ತದ ಗದ್ದೆಗಳು ಹಬ್ಬಿ, ಓಡಾಟ ನಾಲೆ ಏರಿಯ ಮೇಲೆ, ಕೆಸರು ದಾರಿಯಲ್ಲಿ ಹೆಚ್ಚಿತು. ಎರೆಮಣ್ಣು ಮಡ್‌ಗಾರ್ಡಿನೊಳಗೆ ಕಚ್ಚಿಕೊಂಡರೆ ಗಾಲಿ ತಿರುಗುವುದೇ ಇಲ್ಲ. ಕಡ್ಡಿಯಿಂದ ಕೆರೆದು ಕೆರೆದು ಸಾಕಾದವರು ಮಳೆಗಾಲಕ್ಕೆ ಮಡ್‌ಗಾರ್ಡು ಬಿಚ್ಚಿಸುವುದುಂಟು. ಅಡಿಕೆ ಮೂಟೆ, ಹಾಲಿನ ಕ್ಯಾನು ಹೇರಿ ಏರು ಹತ್ತುವವರಿಗೆ ಇನ್ನೊಂದು ಪರಿಹಾರವಿತ್ತು. ಹಿಂದಿನ 18 ಹಲ್ಲಿನ ಫ್ರೀವೀಲ್ ತೆಗೆಸಿ 20 ಹಲ್ಲಿನದು ಹಾಕಿಸುವುದು. ಮುಂದೆ 44 ಹಲ್ಲು ಇದ್ದರೆ ಒಂದು ಸುತ್ತು ತುಳಿದಾಗ ಸುಮಾರು 5.5 ಮೀಟರು ಸಾಗುವ ಸೈಕಲ್ಲು ಆಗ 4.9 ಮೀಟರಿಗೆ ಇಳಿಯುತ್ತದೆ. ದಾರಿ ಸಾಗುವುದು ನಿಧಾನ, ಕಾಲಿಗೆ ಮಾತ್ರ ಹಗುರ.

ಹೊರೆಯ ಸೈಕಲ್ಲಿನ ರಚನೆಯೇ ಬೇರೆಯಾಗುತ್ತಿತ್ತು. ಹಿಂದಿನ ಗಾಲಿಗೆ ಕಾರ್ಖಾನೆಯಲ್ಲೇ 40 ಕಡ್ಡಿ, ಮುಂದಿನದಕ್ಕೆ 32. ಭಾರ ಹಿಂದೆ ಬೀಳುತ್ತದೆ ಎಂಬ ಲೆಕ್ಕ ಅದು. ಆ ಹಿಂದಿನ ಗಾಲಿಗೆ ದಪ್ಪ ಕಡ್ಡಿ ಕಟ್ಟಿಸಿ, ಫೋರ್ಕಿಗೆ ಆಧಾರದ ಸಲಾಕೆ ಕೊಟ್ಟು, ಕ್ಯಾರಿಯರಿಗೆ ಹೆಚ್ಚಿನ ಕಂಬಿ ಬೆಸೆಸುತ್ತಿದ್ದರು. ಅದೇ ಕ್ಯಾರಿಯರು ಹೆಂಡತಿ, ಅಮ್ಮ, ಬಾಣಂತಿ, ರೋಗಿ ಕೂರುವ ಜಾಗವೂ ಹೌದು. ಕಂಬಿ ಒತ್ತದಂತೆ ಮಡಿಸಿದ ಗೋಣಿಚೀಲ, ಹಳೇ ಕಂಬಳಿ, ಕೈಲಾದವರಿಗೆ ರೆಕ್ಸಿನ್ ಕುಷನ್ನು. ಕಾಲು ಗಾಲಿಗೆ ಸಿಕ್ಕದಂತೆ ಆಕ್ಸೆಲ್ಲಿಗೆ ಎರಡು ಮೆಟ್ಟು. ಸೀಟಿನ ಮುಂದಿನ ಬಾರಿಗೆ ಟವೆಲು ಸುತ್ತಿ, ಇಲ್ಲವೆ ಪುಟ್ಟ ಸೀಟು ಬಿಗಿಸಿ ಮಗುವಿಗೆ ಜಾಗ. ಇಷ್ಟೆಲ್ಲ ಮಾಡಿಸಿದವನ ಸ್ವಂತ ಸೀಟಿನ ಒಂದು ಸ್ಪ್ರಿಂಗು ಮುರಿದಿದ್ದರೂ ಅದು ಮುಂದಿನ ಸುಗ್ಗಿಗೆ ಕಾಯುತ್ತಿತ್ತು.

ಸುಗ್ಗಿ ಮುಗಿದ ಮೇಲೆ, ಇಲ್ಲವೆ ಆಯುಧಪೂಜೆಗೆ ಮುನ್ನ ಪೂರ್ತಿ ಸೈಕಲ್ಲು ಬಿಚ್ಚಿ ಓವರಾಯಿಲಿಂಗ್. ಹಿಂದಿನ ಹಬ್ಬಿನಲ್ಲಿ ಒಂದೊಂದು ಬದಿಗೆ ಕಾಲು ಇಂಚಿನ ಒಂಬತ್ತು ಬಾಲು. ಸೀಮೆಎಣ್ಣೆಯಲ್ಲಿ ತೊಳೆದು, ಹಳದಿ ಗ್ರೀಸು ಮೆತ್ತಿ, ಒಂದೊಂದೇ ಜೋಡಿಸಿ ಕೋನು ಬಿಗಿಯಬೇಕು. ಬಿಗಿ ಹೆಚ್ಚಾದರೆ ಗಾಲಿ ಭಾರ, ಕಡಿಮೆಯಾದರೆ ಅಲುಗಾಟ. ಸವಾರಿಯ ಹಿತಕ್ಕೆ ಯಾವ ಮೆತ್ತನೆ ಸೀಟಿಗಿಂತಲೂ ಈ ಕೆಲಸವೇ ಹೆಚ್ಚು ಕೊಡುತ್ತದೆ. ಇದನ್ನು ನೆಟ್ಟಗೆ ಮಾಡುವವರ ಅಂಗಡಿಗೆ ದೂರದ ಹಳ್ಳಿಗಳಿಂದ ಜನ ಬರುತ್ತಿದ್ದುದು ನ್ಯಾಯವೇ ಆಗಿತ್ತು.

ಹೆಣ್ಣುಮಕ್ಕಳಿಗೆ ಬಾರಿಲ್ಲದ ಸೈಕಲ್ಲು ಬಹುಕಾಲ ಅಪರೂಪ. ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿದಾಗ, ಲಂಗ ಸಿಕ್ಕದ ಚೈನ್ ಕವರು, ಪುಸ್ತಕದ ಬುಟ್ಟಿ, ತಗ್ಗಿನ ಫ್ರೇಮು ಹಳ್ಳಿಯ ದಾರಿಗಳಲ್ಲಿ ಸಾಮಾನ್ಯವಾದವು. ತುಳಿಯುವವರ ಮೈಗೆ ಮೊದಲೇ ಹೊಂದುವ ಸೈಕಲ್ಲು ಇಲ್ಲಿ ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಆಗಲೇ.

ಅಷ್ಟರಲ್ಲಿ ದೊಡ್ಡ ಸೈಕಲ್ಲಿನ ಹೊರೆ ಲೂನಾ, ಟಿವಿಎಸ್ ಮೊಪೆಡ್‌ಗಳಿಗೆ ದಾಟಿತ್ತು. ಹಾಗೆ ಅಟ್ಟ, ಕೊಟ್ಟಿಗೆ ಸೇರಿದ ಸೈಕಲ್ಲುಗಳನ್ನು ಈಗ ಮತ್ತೆ ಓಡಿಸುವ ಆಸೆಯಿಂದ ಇಳಿಸುವವರಿದ್ದಾರೆ. 28×1½ ಟಯರು ಭಾರತದಲ್ಲಿ ಇಂದಿಗೂ ತಯಾರಾಗುತ್ತದೆ. ಕಾಟರ್ ಪಿನ್ನು, ಬ್ರೇಕ್ ರಬ್ಬರು, ಬಾಲು, ಕೋನು ಎಲ್ಲವೂ ಸಿಗುತ್ತವೆ. ಹಬ್ಬು, ಪೆಡಲು ತಿರುಗುವ ಬಿಬಿ (ಬಾಟಮ್ ಬ್ರಾಕೆಟ್) ಬಿಚ್ಚಿ ತೊಳೆಸಿ, ರಿಮ್ಮಿನ ಬೆಂಡ್ ತೆಗೆಸಿ, ಹೊಸ ಟಯರಿಗೆ ಹದವಾಗಿ ಗಾಳಿ ತುಂಬಿಸಿ, ಮಂಡಿ ಹೆಚ್ಚುಕಡಿಮೆ ಪೂರ್ತಿ ಚಾಚುವಷ್ಟು ಸೀಟು ಏರಿಸಿದರೆ ಬಹುಪಾಲು ಸೈಕಲ್ಲುಗಳು ಚೆನ್ನಾಗಿಯೇ ಓಡುತ್ತವೆ. ಹರಿಯದ ಹಳೆಯ ಚರ್ಮದ ಸೀಟು ಉಳಿದಿದ್ದರೆ ಅದನ್ನು ತೆಗೆದು ಸ್ಪಂಜಿನದು ಹಾಕಿಸಬಾರದು. ನಟ್ಟು ಅರ್ಧ ಸುತ್ತು ಬಿಗಿದು, ಸ್ಪ್ರಿಂಗಿನ ತುಕ್ಕು ಉಜ್ಜಿ ತೆಗೆದರೆ ಸಾಕು.