ಮರುಭೂಮಿ ಹಲ್ಲಿಗೂ ನೆರಳು ಬೇಕು

ಬೇಲಿ ಮೇಲೆ ಬಿಸಿಲು ಕಾಯಿಸುವ ಓತಿಕ್ಯಾತವನ್ನು ನಾವೆಲ್ಲ ನೋಡಿದ್ದೇವೆ. ಇಂಥ ಜೀವಿಗಳಿಗೆ ಬಿಸಿಲು ಯಾಕೆ ಬೇಕು, ಎಷ್ಟು ಬೇಕು? ಇದರ ಲೆಕ್ಕ ಸಿಕ್ಕಿದ್ದು ಅಮೆರಿಕದ ಮರುಭೂಮಿಯಲ್ಲಿ.

ಹಲ್ಲಿಗಳದ್ದು ತಣ್ಣನೆ ರಕ್ತ, ಗಾಳಿ ಎಷ್ಟು ಕಾದಿದೆಯೋ ಅವುಗಳ ಮೈಯೂ ಅಷ್ಟೇ ಕಾಯುತ್ತದೆ ಎಂದು ಹಿಂದೆ ನಂಬಿದ್ದರು. ರೇಮಂಡ್ ಕೌಲ್ಸ್ ಮತ್ತು ಚಾರ್ಲ್ಸ್ ಬೋಗರ್ಟ್ ಎಂಬ ವಿಜ್ಞಾನಿಗಳು ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಕಣಿವೆಯಲ್ಲಿ ಹಲ್ಲಿಗಳ ಮೈಬಿಸಿಯನ್ನು ಥರ್ಮಾಮೀಟರಿನಿಂದ ಅಳೆದರು. 1944ರಲ್ಲಿ ಅವರ ಅಧ್ಯಯನ ಪ್ರಕಟವಾಯಿತು. ಮೈ ತಣ್ಣಗಿದ್ದಾಗ ಹಲ್ಲಿ ಬಿಸಿಲಿಗೆ ಬರುತ್ತದೆ, ಕಾದಾಗ ಪೊದೆಯ ನೆರಳಿಗೋ ಬಿಲಕ್ಕೋ ಸರಿಯುತ್ತದೆ. ಹೀಗೆ ಮೈಬಿಸಿಯನ್ನು ತಾನೇ ಹದದಲ್ಲಿ ಇಟ್ಟುಕೊಳ್ಳುತ್ತದೆ. ಆ ಹದ ಮೀರಿ ಕೆಲವೇ ಡಿಗ್ರಿ ಏರಿದರೂ ಸಾಯುತ್ತದೆ.

ಈ ಮಾತಿನ ತೂಕ ಗೊತ್ತಾಗಿದ್ದು 2010ರಲ್ಲಿ. ಬ್ಯಾರಿ ಸಿನರ್ವೊ ಅವರ ತಂಡ ಮೆಕ್ಸಿಕೊದಲ್ಲಿ, ಹಿಂದೆ ಹಲ್ಲಿಗಳಿದ್ದ 200 ಜಾಗಗಳಲ್ಲಿ ಮತ್ತೆ ಹುಡುಕಿತು. 1975ರಿಂದ ಈಚೆಗೆ ಶೇ 12ರಷ್ಟು ಕಡೆ ಅವು ಇಲ್ಲವಾಗಿದ್ದವು. ಬಿಸಿ ಹೆಚ್ಚಿದಂತೆ ಹಲ್ಲಿಗಳು ದಿನದ ಹೆಚ್ಚು ಹೊತ್ತು ನೆರಳಲ್ಲೇ ಅಡಗಬೇಕಾಯಿತು. ಮರಿಗಳಾಗುವ ಕಾಲದಲ್ಲೇ ಮೇವಿಗೆ ಹೊತ್ತು ಸಾಲದಾಯಿತು.

ಬಿಸಿಲು ನೇರವಾಗಿ ಕೊಲ್ಲಬೇಕಿಲ್ಲ. ದುಡಿದು ತಿನ್ನುವ ಹೊತ್ತನ್ನು ಕಿತ್ತುಕೊಂಡರೂ ಸಾಕು, ಒಂದು ಸಂತತಿ ಅಳಿಯುತ್ತದೆ.