ನಾಲ್ವರಿಲ್ಲದ ಊರಲ್ಲಿ ನಾಲ್ವರ ಸಂಗೀತ

ಎರಡು ಪಿಟೀಲು, ಅದಕ್ಕಿಂತ ತುಸು ದೊಡ್ಡದಾದ ಒಂದು ವಯೋಲಾ, ಮೊಣಕಾಲುಗಳ ನಡುವೆ ಇಟ್ಟುಕೊಂಡು ನುಡಿಸುವ ಒಂದು ಚೆಲ್ಲೋ. ಈ ನಾಲ್ಕು ತಂತಿವಾದ್ಯಗಳು ಒಟ್ಟಿಗೆ ಕೂತರೆ ಅದು ಸ್ಟ್ರಿಂಗ್ ಕ್ವಾರ್ಟೆಟ್. ಯುರೋಪಿನಲ್ಲಿ ಇಂಥ ಸಣ್ಣ ಗುಂಪಿನ ಸಂಗೀತವನ್ನು ಚೇಂಬರ್ ಮ್ಯೂಸಿಕ್ ಎಂದರು. ಚೇಂಬರ್ ಎಂದರೆ ಕೋಣೆ. ನಮ್ಮ ಧಾರವಾಡದ ಕಡೆ ಮನೆಯ ಪಡಸಾಲೆಯಲ್ಲಿ ನಡೆಯುವ ಬೈಠಕ್ ನೆನೆಸಿಕೊಳ್ಳಿ. ಕೇಳುವವರು ಕೈಗೆಟುಕುವಷ್ಟು ಹತ್ತಿರ. ತಲೆದೂಗಿದರೂ ಗೊತ್ತಾಗುತ್ತದೆ, ಆಕಳಿಸಿದರೂ ಗೊತ್ತಾಗುತ್ತದೆ.

ಇವತ್ತು ಈ ನಾಲ್ಕು ವಾದ್ಯಗಳಲ್ಲಿ ಒಂದೂ ಇಲ್ಲದ ಊರಿನಲ್ಲಿ ಕೂತು, ಒಂದು ಕಂಪ್ಯೂಟರ್ ಇಟ್ಟುಕೊಂಡು ಕ್ವಾರ್ಟೆಟ್ ಬರೆಯಬಹುದು. ಬರೆದದ್ದನ್ನು ಕಂಪ್ಯೂಟರೇ ನುಡಿಸಿ ಕೇಳಿಸುತ್ತದೆ. ಆದರೆ ಅದು ಚೆನ್ನಾಗಿದೆಯೇ ಎಂದು ಹೇಳುವವರು ಯಾರು? ಈ ಪ್ರಶ್ನೆಗೆ ಸುಮಾರು 270 ವರ್ಷಗಳ ಇತಿಹಾಸವಿದೆ.

ಬಡಗಿಯ ಮಗ ಬರೆದ ಕ್ವಾರ್ಟೆಟ್

ಯೋಸೆಫ್ ಹೈಡನ್ ಹುಟ್ಟಿದ್ದು 1732ರಲ್ಲಿ, ಆಸ್ಟ್ರಿಯಾದ ರೋರೌ ಎಂಬ ಹಳ್ಳಿಯಲ್ಲಿ. ತಂದೆ ಗಾಡಿ ಚಕ್ರ ಮಾಡುವ ಬಡಗಿ. 1750ರ ದಶಕದಲ್ಲಿ ಫ್ಯೂರ್ನ್‌ಬರ್ಗ್ ಎಂಬ ಜಮೀನ್ದಾರ ತನ್ನ ಹಳ್ಳಿಮನೆಗೆ ಹೈಡನ್‌ನನ್ನು ಕರೆಸಿಕೊಂಡ. ಆ ಮನೆಯಲ್ಲಿ ನುಡಿಸಲು ಸಿಕ್ಕವರು ಊರಿನ ಪಾದ್ರಿ, ಜಮೀನು ನೋಡಿಕೊಳ್ಳುವ ಪಾರುಪತ್ಯಗಾರ, ಒಬ್ಬ ಚೆಲ್ಲೋ ವಾದಕ ಮತ್ತು ಹೈಡನ್. ಈ ನಾಲ್ವರಿಗೆಂದೇ ಬರೆದದ್ದು ಅವನ ಮೊದಲ ಕ್ವಾರ್ಟೆಟ್. ಇದ್ದವರು ಯಾರೋ ಅವರಿಗೆ ತಕ್ಕ ಸಂಗೀತ. ಮುಂದೆ ಅವನು 60ಕ್ಕೂ ಹೆಚ್ಚು ಕ್ವಾರ್ಟೆಟ್ ಬರೆದ.

1761ರಿಂದ ಹೈಡನ್ ಎಸ್ಟರ್‌ಹಾಜಿ ಎಂಬ ಶ್ರೀಮಂತ ಮನೆತನದ ನೌಕರ. ಪೇಟೆಯಿಂದ ದೂರ, ಆದರೆ ಕೈಕೆಳಗೆ ಒಂದು ವಾದ್ಯವೃಂದ. ಬೆಳಗ್ಗೆ ಬರೆದದ್ದನ್ನು ಸಂಜೆ ನುಡಿಸಿ ನೋಡಬಹುದು. ಯಾವುದು ಕಿವಿಗೆ ಹಿಡಿಸಿತು, ಯಾವುದು ಸಪ್ಪೆಯಾಯಿತು ಎಂದು ನೋಡಿ ಕತ್ತರಿಸಬಹುದು, ಸೇರಿಸಬಹುದು. ವಯಸ್ಸಾದ ಮೇಲೆ ತನ್ನ ಜೀವನಚರಿತ್ರೆ ಬರೆಯುತ್ತಿದ್ದವನಿಗೆ ಅವನು ಇದನ್ನೇ ಹೇಳಿದ: ಬರೆಯುವುದು, ಕೇಳುವುದು, ತಿದ್ದುವುದು, ಇದೇ ತನ್ನನ್ನು ಬೆಳೆಸಿತು ಎಂದು.

1785ರ ಜನವರಿ ಮತ್ತು ಫೆಬ್ರವರಿಯಲ್ಲಿ ವಿಯೆನ್ನಾದ ಮೊಜಾರ್ಟ್ ಮನೆಯಲ್ಲಿ ಹೊಸ ಕ್ವಾರ್ಟೆಟ್‌ಗಳನ್ನು ನುಡಿಸಿದರು. ಮುಖ್ಯ ಕೇಳುಗ ಇದೇ ಹೈಡನ್. ಫೆಬ್ರವರಿ 12ರಂದು ಅವನು ಮೊಜಾರ್ಟ್‌ನ ತಂದೆಗೆ, ತಾನು ಬಲ್ಲವರಲ್ಲೆಲ್ಲ ನಿಮ್ಮ ಮಗನೇ ದೊಡ್ಡ ಸಂಗೀತಗಾರ ಎಂಬ ಅರ್ಥದ ಮಾತು ಹೇಳಿದ. ಆ ಆರು ಕ್ವಾರ್ಟೆಟ್‌ಗಳು ಅದೇ ವರ್ಷ ಹೈಡನ್‌ಗೆ ಅರ್ಪಣೆಯಾಗಿ ಅಚ್ಚಾದವು.

ಕಿವಿ ಕೇಳದವನು ಮಾಡಿದ ತಿದ್ದುಪಡಿ

ಬೀಥೋವನ್ ಕೊನೆಯ ಕ್ವಾರ್ಟೆಟ್‌ಗಳನ್ನು ಬರೆಯುವ ಹೊತ್ತಿಗೆ ಅವನ ಕಿವಿ ಪೂರ್ತಿ ಹೋಗಿತ್ತು. ವಾದ್ಯಗಳೆಲ್ಲ ತಲೆಯೊಳಗೇ ನುಡಿಯಬೇಕು. 1825ರ ಮಾರ್ಚ್‌ನಲ್ಲಿ ಅವುಗಳಲ್ಲಿ ಒಂದು ಮೊದಲ ಸಲ ಜನರೆದುರು ಬಂದಾಗ ಸೋತಿತು. ಪಿಟೀಲು ವಾದಕ ಯೋಸೆಫ್ ಬೋಮ್ ಅದನ್ನು ಮತ್ತೆ ಅಭ್ಯಾಸಕ್ಕೆ ತೆಗೆದುಕೊಂಡ. ಕೊನೆಯಲ್ಲಿ ವೇಗ ತಗ್ಗಿಸಬೇಕು ಎಂದು ಬೀಥೋವನ್ ಬರೆದಿದ್ದ ಜಾಗ ಬೋಮ್‌ಗೆ ಸರಿ ಕಾಣಲಿಲ್ಲ. ಅಲ್ಲಿ ಬಿಗಿ ಸಡಿಲವಾಗುತ್ತದೆ ಎನ್ನಿಸಿ, ವೇಗ ತಗ್ಗಿಸದೆಯೇ ನುಡಿಸಿದರು. ಬೀಥೋವನ್ ಮೂಲೆಯಲ್ಲಿ ಕೂತು ಕಮಾನುಗಳ ಓಡಾಟವನ್ನೇ ನೋಡುತ್ತಿದ್ದ. ಮುಗಿದ ಮೇಲೆ, ಹಾಗೇ ಇರಲಿ ಎಂದು ಎದ್ದು ಬಂದು, ನಾಲ್ಕೂ ಹಾಳೆಗಳಲ್ಲಿ ಆ ಸೂಚನೆಯನ್ನು ಹೊಡೆದು ಹಾಕಿದ. ಇದು ಬೋಮ್ ಮುಂದೆ ನೆನಪಿಸಿಕೊಂಡ ಸಂಗತಿ.

ಮರು ವರ್ಷ, 1826ರ ಮಾರ್ಚ್ 21ರಂದು, ಇನ್ನೊಂದು ಕ್ವಾರ್ಟೆಟ್. ಜನ ನಡುವಿನ ಎರಡು ಭಾಗಗಳನ್ನು ಮತ್ತೆ ಕೇಳಬೇಕೆಂದರು. ಕೊನೆಯ ದೊಡ್ಡ ಭಾಗ ಮಾತ್ರ ಯಾರಿಗೂ ದಕ್ಕಲಿಲ್ಲ. ಪ್ರಕಾಶಕನ ಒತ್ತಾಯಕ್ಕೆ ಬೀಥೋವನ್ ಬೇರೆಯೇ ಕೊನೆಯನ್ನು ಬರೆದುಕೊಟ್ಟ. ಆದರೆ ಮೊದಲಿನದನ್ನು ಸುಡಲಿಲ್ಲ. ಅದು ಬೇರೆ ಕೃತಿಯಾಗಿ ಅಚ್ಚಾಯಿತು. ಅಂದು ಅರ್ಥವಾಗದ ಆ ಸಂಗೀತವನ್ನು ಇಂದು ಅವನ ಅತಿ ದೊಡ್ಡ ಸಾಧನೆಗಳಲ್ಲಿ ಎಣಿಸುತ್ತಾರೆ. ಒಂದು ಸಲ ಕೇಳುಗ ಸರಿ, ಇನ್ನೊಂದು ಸಲ ಕಾಲ ಬೇರೆ ತೀರ್ಪು ಕೊಟ್ಟಿತು. ಎರಡೂ ಒಬ್ಬನದೇ ಬದುಕಿನಲ್ಲಿ, ಒಂದೇ ವರ್ಷದ ಅಂತರದಲ್ಲಿ.

ಯಂತ್ರ ಬಂತು

ಕಂಪ್ಯೂಟರ್‌ಗೂ ಕ್ವಾರ್ಟೆಟ್‌ಗೂ ನಂಟು ಹಳೆಯದು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಇಲಿಯಾಕ್ ಎಂಬ ಭಾರೀ ಕಂಪ್ಯೂಟರ್ ಇತ್ತು. ರಸಾಯನಶಾಸ್ತ್ರಜ್ಞ ಲೆಜಾರನ್ ಹಿಲ್ಲರ್ ಮತ್ತು ಲಿಯೊನಾರ್ಡ್ ಐಸಾಕ್ಸನ್ ಅದಕ್ಕೆ ಸಂಗೀತದ ನಿಯಮಗಳನ್ನು ಉಣಿಸಿದರು. ಅದು ಅಂಕಿಗಳನ್ನು ಕೊಟ್ಟಿತು, ಮನುಷ್ಯರು ಅದನ್ನು ಸ್ವರಲಿಪಿಗೆ ಇಳಿಸಿದರು. 1956ರ ಆಗಸ್ಟ್ 9ರಂದು ಅದರ ಮೊದಲ ಭಾಗಗಳನ್ನು ನಾಲ್ವರು ವಾದಕರು ಜನರೆದುರು ನುಡಿಸಿದರು. ಯಂತ್ರ ಬರೆಯಿತು, ಮನುಷ್ಯರು ನುಡಿಸಿದರು.

ಮುಂದೆ ಇದು ತಿರುವುಮುರುವಾಯಿತು. 1957ರಲ್ಲಿ ಬೆಲ್ ಪ್ರಯೋಗಾಲಯದ ಮ್ಯಾಕ್ಸ್ ಮ್ಯಾಥ್ಯೂಸ್ ಬರೆದ ಪ್ರೋಗ್ರಾಮಿನಿಂದ ಕಂಪ್ಯೂಟರ್ ತಾನೇ 17 ಸೆಕೆಂಡು ನುಡಿಸಿತು. 1963ರಲ್ಲಿ ಇಂಗ್ಲೆಂಡಿನಲ್ಲಿ ಮೆಲೊಟ್ರಾನ್ ಬಂತು: ಪ್ರತಿ ಮನೆಯ ಕೆಳಗೆ ಒಂದು ಟೇಪು, ಒತ್ತಿದರೆ ನಿಜವಾದ ಪಿಟೀಲಿನ ಧ್ವನಿ ಸುಮಾರು 8 ಸೆಕೆಂಡು. 1979ರಲ್ಲಿ ಆಸ್ಟ್ರೇಲಿಯಾದ ಫೇರ್‌ಲೈಟ್ ಅದೇ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡಿತು. 1983ರಲ್ಲಿ ಮಿಡಿ ಎಂಬ ಸಾಮಾನ್ಯ ಭಾಷೆ ಬಂದು, ಬೇರೆ ಬೇರೆ ಕಂಪನಿಗಳ ವಾದ್ಯಗಳು ಪರಸ್ಪರ ಮಾತಾಡತೊಡಗಿದವು. 2000ದಲ್ಲಿ ವಿಯೆನ್ನಾದ ಚೆಲ್ಲೋ ವಾದಕ ಹೆರ್ಬ್ ಟುಚ್‌ಮಾಂಡ್ಲ್ ಒಂದು ಸಂಸ್ಥೆ ಕಟ್ಟಿ, ವಾದಕರಿಂದ ಒಂದೊಂದೇ ಸ್ವರವನ್ನು ಮೆತ್ತಗೆ, ಜೋರಾಗಿ, ಸ್ವರದಿಂದ ಸ್ವರಕ್ಕೆ ಜಾರುವಂತೆ ನುಡಿಸಿ ದಾಖಲಿಸತೊಡಗಿದ. ಇಂದಿನ ವರ್ಚುವಲ್ ವಾದ್ಯ ಎಂದರೆ ಹೆಚ್ಚಾಗಿ ಇಂಥ ಸಾವಿರಾರು ತುಣುಕುಗಳ ಕಣಜ. ಈಗ ಮ್ಯೂಸ್‌ಸ್ಕೋರ್‌ನಂಥ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ.

ನಮ್ಮಲ್ಲೂ ಇದರ ಒಂದು ಎಳೆ ಇದೆ. ಬೆಂಗಳೂರಿನ ಎಂಜಿನಿಯರ್, ಕೊಳಲು ವಾದಕ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಮಾಡಿದರು. ಈಗ ಸಂಗೀತ ಕಲಿಯುವ ಮಕ್ಕಳು ಮೊಬೈಲಿನಲ್ಲೇ ತಂಬೂರಿ ಹಾಕಿಕೊಳ್ಳುತ್ತಾರೆ.

ಯಾರ ಹೊಟ್ಟೆಪಾಡು?

ಎಲ್ಲರೂ ಚಪ್ಪಾಳೆ ತಟ್ಟಲಿಲ್ಲ. 1982ರಲ್ಲಿ ಬ್ರಿಟನ್ನಿನ ಸಂಗೀತಗಾರರ ಸಂಘದ ಲಂಡನ್ ಶಾಖೆಯೊಂದು ಸಿಂಥಸೈಜರ್ ಮತ್ತು ಡ್ರಮ್ ಯಂತ್ರಗಳನ್ನು ನಿಷೇಧಿಸಬೇಕು ಎಂದು ನಿರ್ಣಯ ಮಾಡಿತು. ನಿಷೇಧ ಜಾರಿಯಾಗಲಿಲ್ಲ, ಆದರೆ ಭಯ ಸುಳ್ಳಲ್ಲ. ಬ್ಯಾಂಜೋ, ಹಾರ್ಮೋನಿಯಂ, ತಬಲಾ ಎಲ್ಲವೂ ಒಂದೇ ಕೀಬೋರ್ಡಿನಿಂದ ಬಂದಾಗ ಮದುವೆ ಮನೆಯ ವಾದ್ಯದವರಿಗೆ ಏನಾಗುತ್ತದೆ ಎಂಬುದು ನಮ್ಮೂರುಗಳಿಗೂ ಗೊತ್ತು.

ಇನ್ನೊಂದು ಕಡೆ, ನಾಲ್ವರು ವಾದಕರನ್ನು ಕರೆಸುವ ಶಕ್ತಿ ಯಾವ ಹಳ್ಳಿ ಹುಡುಗಿಗಿದೆ? ಫ್ಯೂರ್ನ್‌ಬರ್ಗ್‌ನಂಥ ಜಮೀನ್ದಾರ ಎಲ್ಲರಿಗೂ ಸಿಗುವುದಿಲ್ಲ. ಅವಳಿಗೆ ಯಂತ್ರವೇ ಎಸ್ಟರ್‌ಹಾಜಿಯ ವಾದ್ಯವೃಂದ.

ಆದರೆ ಈ ವೃಂದ ಎದುರು ಮಾತಾಡುವುದಿಲ್ಲ. ಅದಕ್ಕೆ ಕೈ ನೋಯುವುದಿಲ್ಲ, ಕೊಳಲಿಗೆ ಉಸಿರು ತೆಗೆದುಕೊಳ್ಳಲು ಜಾಗ ಬೇಕಿಲ್ಲ. ಬೆರಳಿಗೆ ಎಟುಕದ ಸ್ವರಗಳನ್ನೂ ಒಟ್ಟಿಗೆ ನುಡಿಸಿಬಿಡುತ್ತದೆ. ಇಲ್ಲಿ ವೇಗ ತಗ್ಗಿಸಬೇಡಿ ಎಂದು ಬೋಮ್ ಹೇಳಿದಂತೆ ಹೇಳುವುದಿಲ್ಲ. ಗಮಕದಂಥ ಸೂಕ್ಷ್ಮವನ್ನು ಒಂದೊಂದು ಸ್ವರದ ತುಣುಕಿನಿಂದ ಕಟ್ಟುವುದು ಇನ್ನೂ ಕಷ್ಟ.

ಹೀಗಾಗಿ ಕೇಳುಗರ ಹೊಣೆ ಹೆಚ್ಚಾಗಿದೆ. ಯಾರಾದರೂ ತಾವು ಮಾಡಿದ ಸಂಗೀತವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ನಾವು ಹೆಬ್ಬೆರಳು ಒತ್ತಿ ಮುಂದೆ ಹೋಗುತ್ತೇವೆ. ಅದು ಸಂತೋಷ ಕೊಡುತ್ತದೆ, ಕೆಲಸಕ್ಕೆ ಬರುವುದಿಲ್ಲ. ರಾಗ, ತಾಳ ಗೊತ್ತಿಲ್ಲದಿದ್ದರೂ ಮೂರು ಮಾತು ಹೇಳಬಹುದು: ಎಷ್ಟನೇ ನಿಮಿಷದಲ್ಲಿ ಮನಸ್ಸು ಬೇರೆ ಕಡೆ ಹೋಯಿತು, ಯಾವ ಜಾಗವನ್ನು ಮತ್ತೆ ಕೇಳಬೇಕೆನಿಸಿತು, ಯಾವ ವಾದ್ಯ ಕೇಳಿಸಲೇ ಇಲ್ಲ. ಸಂಗೀತ ಮಾಡಿದವರೂ ಚೆನ್ನಾಗಿದೆಯಾ ಎಂದು ಕೇಳುವ ಬದಲು ಇದನ್ನೇ ಕೇಳಬಹುದು. ಸಾಧ್ಯವಾದರೆ ಒಬ್ಬನೇ ಒಬ್ಬ ಪಿಟೀಲು ವಾದಕರಿಗೆ ಆ ಹಾಳೆ ತೋರಿಸಿ, ಇದು ಕೈಗೆ ಬರುತ್ತದೆಯೇ ಎಂದು ವಿಚಾರಿಸಬಹುದು.

ಉತ್ತರ ಬಂದ ಮೇಲೆ ಒಪ್ಪುವುದೋ ಬಿಡುವುದೋ ಬರೆದವರ ಇಷ್ಟ. ಬೀಥೋವನ್ ಒಮ್ಮೆ ಹೊಡೆದು ಹಾಕಿದ, ಒಮ್ಮೆ ತೆಗೆದಿಟ್ಟ.